ಆಟಿ ಕಳೆದ ಮೇಲೆ

(ಏಪ್ರಿಲ್ ಕೊನೆಯ ವಾರ. ಬಿಸು ಕಳೆದಿದೆ, ಮಳೆಗೆ ಇನ್ನೂ ತಿಂಗಳುಂಟು. ತಮ್ಮ ಮಗಳ ಮದುವೆಗೆ ಮನೆ ಮನೆಗೆ ಹೇಳಿಕೆ ಹೇಳಲು ದೊಡ್ಡಮ್ಮ ಹೊರಟಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕಾರು ಓಡಿಸುವವಳು ತಂಗಿಯ ಮಗಳು, ಇಪ್ಪತ್ತಮೂರರ ಹುಡುಗಿ; ಕೆಳಗೆ 'ಮಗಳು' ಅಂದರೆ ಇವಳೇ. ಎರಡು ವರ್ಷದ ಹಿಂದೆ ಊಟ ಬಿಡುವ ಕಾಯಿಲೆಯಿಂದ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ವಾರಗಟ್ಟಲೆ ಮಲಗಿದ್ದವಳು.)

ಬಂಟ್ವಾಳ

ದೊಡ್ಡಮ್ಮ: ಬೈಪಾಸು ದಾಟಿದರೂ ನಿನ್ನ ಬಾಯಿಂದ ಒಂದು ಮಾತಿಲ್ಲ. ಏನಾಯಿತು ಮಗಾ?

ಮಗಳು: ಏನಿಲ್ಲ ದೊಡ್ಡಮ್ಮ. ಸೆಕೆ.

ದೊಡ್ಡಮ್ಮ: ಸೆಕೆಗೆ ಯಾರೂ ಸ್ಟಿಯರಿಂಗನ್ನು ಹಾಗೆ ಅಮುಕಿ ಹಿಡಿಯುವುದಿಲ್ಲ. ಈಗಷ್ಟೇ ಹೇಳಿಕೆ ಹೇಳಿ ಬಂದ ಮನೆಯಾಕೆ ಹೇಳಿದ್ದಲ್ಲವಾ? 'ಈಗ ಚೂರು ತೋರ ಆಗಿದ್ದೀ, ಚಂದ ಕಾಣ್ತೀ' ಅಂತ? ಪ್ರೀತಿಯಿಂದಲೇ ಹೇಳಿದ್ದು ಮಾರಾಯ್ತಿ.

ಮಗಳು: ಪ್ರೀತಿಯಿಂದ ಅಂತ ನನಗೂ ಗೊತ್ತುಂಟು. ನಮ್ಮ ಕಡೆ ಮೈಗೆ ಇರುವುದು ಎರಡೇ ಶಬ್ದ. ಸಪೂರ, ಇಲ್ಲದಿದ್ದರೆ ತೋರ. ನಾನು ಕಾಯಿಲೆಯಲ್ಲಿ ಕರಗುತ್ತಿದ್ದಾಗ ಇದೇ ಮನೆಯಲ್ಲಿ 'ಎಷ್ಟು ಸಪೂರ ಆಗಿದ್ದೀ, ಹೇಗೆ ಮಾಡಿದೆ, ನಮಗೂ ಹೇಳಿಕೊಡು' ಅಂದಿದ್ದರು. ಸಾಯುತ್ತಿದ್ದಾಗ ಸಿಕ್ಕಿದ್ದು ಶಹಭಾಸ್‌ಗಿರಿ. ಈಗ 'ತೋರ' ಅಂದ ಕೂಡಲೇ ಒಳಗಿನಿಂದ ಒಂದು ಸ್ವರ 'ನೋಡಿದೆಯಾ, ಕೈತಪ್ಪಿ ಹೋಯಿತು' ಅನ್ನುತ್ತದೆ. ಅದು ನನ್ನ ಸ್ವರ ಅಲ್ಲ, ಕಾಯಿಲೆಯದ್ದು ಅಂತ ಗುರುತು ಹಿಡಿಯಲಿಕ್ಕೇ ವರ್ಷ ಬೇಕಾಯಿತು.

ದೊಡ್ಡಮ್ಮ: ಎರಡು ವರ್ಷದ ಹಿಂದೆ ಇದೇ ಸೆಕೆಯಲ್ಲಿ ಪಾಣೆಮಂಗಳೂರಿನ ಗೃಹಪ್ರವೇಶಕ್ಕೆ ನೀನು ಸ್ವೆಟರ್ ಹಾಕಿ ಬಂದದ್ದು ನೆನಪುಂಟಾ? ನಾವೆಲ್ಲ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆವು, ನಿನ್ನ ಉಗುರು ನೀಲಿ. ಇಡೀ ಆಯುಷ್ಯ ನರ್ಸು ಕೆಲಸ ಮಾಡಿದವಳು ನಾನು. 'ರಕ್ತ ಕಡಿಮೆ ಉಂಟು, ಕಬ್ಬಿಣದ ಮಾತ್ರೆ ತಕೊ' ಅಂತ ಹೇಳಿ ಕೈ ತೊಳೆದುಕೊಂಡೆ.

ಮಗಳು: ನೀವೊಬ್ಬರೇ ಅಲ್ಲ. ಅಂಗೈ ಹಳದಿ ಆದಾಗ ಅಮ್ಮ ಕಾಮಾಲೆ ಅಂತ ಹಳ್ಳಿಮದ್ದು ಕೊಡಿಸಲು ಕರೆದುಕೊಂಡು ಹೋದರು.

ದೊಡ್ಡಮ್ಮ: ಕಾಮಾಲೆ ಆದರೆ ಕಣ್ಣು ಹಳದಿ ಆಗಬೇಕು. ನಿನ್ನ ಕಣ್ಣು ಬೆಳ್ಳಗೆ ಇತ್ತು. ಅದು ನನಗೆ ಆಗಲೇ ವಿಚಿತ್ರ ಕಂಡಿತ್ತು.

ಮಗಳು: ಅನ್ನ ಬಿಟ್ಟು ಬರೀ ಬೇಯಿಸಿದ ಚೀನಿಕಾಯಿ, ಬಪ್ಪಂಗಾಯಿ ತಿನ್ನುತ್ತಿದ್ದೆ. ಅದರ ಬಣ್ಣವನ್ನು ಕರಗಿಸುವ ತಾಕತ್ತು ಮೈಗೆ ಇರಲಿಲ್ಲ, ಅಂಗೈಯಲ್ಲಿ ಬಂದು ಕುಳಿತಿತು. ಊಟಕ್ಕೆ ಕೂತಾಗ ಹೊಟ್ಟೆ ಸರಿಯಿಲ್ಲ, ಗ್ಯಾಸ್ಟ್ರಿಕ್ ಅನ್ನುತ್ತಿದ್ದೆ. ಅದೂ ಆಗದಿದ್ದರೆ ಏಕಭುಕ್ತ, ದಿನಕ್ಕೆ ಒಂದೇ ಊಟದ ವ್ರತ. ನಮ್ಮ ಜೈನರ ಮನೆಯಲ್ಲಿ ಏಕಭುಕ್ತ ಅಂದರೆ ಯಾರು ಪ್ರಶ್ನೆ ಕೇಳುತ್ತಾರೆ?

ದೊಡ್ಡಮ್ಮ: ಆ ಮಾತು ಹೇಳಬೇಡ. ಬಸದಿಯ ವ್ರತಕ್ಕೂ ಇದಕ್ಕೂ ಏನು ಸಂಬಂಧ?

ಮಗಳು: ಸಂಬಂಧ ಇಲ್ಲ ಅಂತಲೇ ಹೇಳುತ್ತಿದ್ದೇನೆ. ಅಜ್ಜಿ ದಶಲಕ್ಷಣಕ್ಕೆ ಉಪವಾಸ ಮಾಡುತ್ತಾರೆ, ಮುಗಿದ ಬೆಳಿಗ್ಗೆ ಪಾರಣೆ ಮಾಡುತ್ತಾರೆ. ನೋಂಪಿ ಹಿಡಿದರೆ ಉದ್ಯಾಪನೆ ಅಂತ ಒಂದು ಉಂಟು. ಹಿಡಿಯುವಾಗಲೇ ಬಿಡುವ ದಿನ ಗೊತ್ತಿರುತ್ತದೆ. ನನ್ನದಕ್ಕೆ ಪಾರಣೆಯೂ ಇರಲಿಲ್ಲ, ಉದ್ಯಾಪನೆಯೂ ಇರಲಿಲ್ಲ. ವ್ರತದ ಹೆಸರನ್ನು ಕಾಯಿಲೆ ಕದ್ದು ತಂದು ಹೊದ್ದುಕೊಂಡಿತ್ತು, ಅಷ್ಟೆ.

ದೊಡ್ಡಮ್ಮ: ನಾನು ಬೇರೆ ತಿಳಿದಿದ್ದೆ. ಇದು ದೊಡ್ಡ ಪೇಟೆಯ ಹಣವಂತರ ಮಕ್ಕಳ ಕಾಯಿಲೆ, ಮೊಬೈಲು ನೋಡಿ ಬರುವುದು ಅಂತ.

ಮಗಳು: ಮೊಬೈಲು ಸೌದೆ ಹಾಕುತ್ತದೆ, ಆದರೆ ಬೆಂಕಿ ಹಳೆಯದು. ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು ಇದಕ್ಕೆ ಅನೊರೆಕ್ಸಿಯಾ ನರ್ವೋಸಾ ಅಂತ ಹೆಸರು ಕೊಟ್ಟು ನೂರೈವತ್ತು ವರ್ಷ ದಾಟಿತು, 1870ರ ದಶಕದ ಮಾತು. 1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ಬಗ್ಗೆ ಬರೆದರು. ಊಟ ಒಲ್ಲೆ ಅನ್ನುತ್ತಿದ್ದರು, ವಾಂತಿ, ಮುಟ್ಟು ನಿಂತಿತ್ತು, ತೀರಾ ಇಳಿದಿದ್ದರು. ತಾನು ದಪ್ಪ ಎಂಬ ಭ್ರಮೆ ಮಾತ್ರ ಅವರಲ್ಲಿ ಕಾಣಲಿಲ್ಲ. ನಮ್ಮ ದೇಶದಲ್ಲಿ ಕಾಯಿಲೆ 'ಹೊಟ್ಟೆ ಸರಿಯಿಲ್ಲ' ಎಂಬ ವೇಷದಲ್ಲಿಯೂ ಬರಬಹುದು. 2025ರ ಮಾರ್ಚ್‌ನಲ್ಲಿ ಕಾಸರಗೋಡಿನಿಂದ ಆಚೆ, ಕಣ್ಣೂರು ಜಿಲ್ಲೆಯ ಹದಿನೆಂಟರ ಹುಡುಗಿಯೊಬ್ಬಳು ತೂಕ ಇಳಿಸಲು ಹೋಗಿ ತೀರಿಕೊಂಡದ್ದು ಪೇಪರಿನಲ್ಲಿ ಬಂತು. ಹುಡುಗರಿಗೂ ಬರುತ್ತದೆ. ನನ್ನ ವಾರ್ಡಿನ ಪಕ್ಕದಲ್ಲೇ ಒಬ್ಬ ಇದ್ದ.

ದೊಡ್ಡಮ್ಮ: ಆಸ್ಪತ್ರೆಗೆ ಸೇರಿಸಿದ ದಿನ ನಿನ್ನ ಅಮ್ಮನೂ ನಾನೂ ಒಂದು ಭರಣಿ ತುಪ್ಪ ಹಿಡಿದುಕೊಂಡು ಬಂದಿದ್ದೆವು. ಹತ್ತು ದಿನ ಚೆನ್ನಾಗಿ ತಿನ್ನಿಸಿದರೆ ಎದ್ದು ಕೂತುಕೊಳ್ಳುತ್ತಾಳೆ ಅಂತ. ಡಾಕ್ಟ್ರು ಭರಣಿಯನ್ನು ವಾಪಸು ಕಳಿಸಿದರು. ಅವಮಾನ ಆಯಿತು ನನಗೆ.

ಮಗಳು: ಅವರು ಕಳಿಸದಿದ್ದರೆ ನಾನು ಇವತ್ತು ಕಾರು ಓಡಿಸುತ್ತಿರಲಿಲ್ಲವೇನೋ. ತುಂಬ ದಿನ ಹಸಿದ ಮೈ ತನ್ನದೇ ಕೊಬ್ಬು ಸುಟ್ಟುಕೊಂಡು ಬದುಕಿರುತ್ತದೆ. ಒಮ್ಮೆಲೇ ಅನ್ನ, ಸಕ್ಕರೆ ಒಳಗೆ ಹೋದರೆ ಇನ್ಸುಲಿನ್ ಏರುತ್ತದೆ. ಜೀವಕೋಶಗಳು ರಕ್ತದಲ್ಲಿದ್ದ ಫಾಸ್ಫೇಟು, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಎಳೆದುಕೊಳ್ಳುತ್ತವೆ. ಮೊದಲೇ ಖಾಲಿಯಾದ ಉಗ್ರಾಣ, ರಕ್ತದಲ್ಲಿ ಏನೂ ಉಳಿಯುವುದಿಲ್ಲ. ಹೃದಯದ ಬಡಿತ ತಪ್ಪುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಬಿಡಿಸಿಕೊಂಡು ಬಂದವರಿಗೆ ಕನಿಕರದಿಂದ ಹೊಟ್ಟೆತುಂಬ ಬಡಿಸಿದರು. ಹಸಿವೆಯಲ್ಲಿ ಸಾಯದೆ ಉಳಿದಿದ್ದ ಕೆಲವರು ಆ ಊಟದ ನಂತರ ಸತ್ತರು.

ದೊಡ್ಡಮ್ಮ: ಅದಕ್ಕಾ ನಿನಗೆ ಮೊದಲು ಬಿ-1 ವಿಟಮಿನ್ ಕೊಟ್ಟು, ದಿನಾ ರಕ್ತ ತೆಗೆಯುತ್ತಿದ್ದದ್ದು?

ಮಗಳು: ಹೌದು. ಮೊದಲ ಹತ್ತು ದಿನ ಅತಿ ನಾಜೂಕು. ಹಾಗಂತ ತೀರಾ ಕಡಿಮೆ ಕೊಟ್ಟರೂ ಅಪಾಯವೇ. ಅಳತೆ ಮಾಡಿ ಕೊಡುತ್ತಾ, ರಕ್ತ ನೋಡುತ್ತಾ ಏರಿಸುತ್ತಾ ಹೋದರು. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು.

ದೊಡ್ಡಮ್ಮ: ಯೋಚಿಸಿದರೆ ನಮ್ಮ ಹಿರಿಯರಿಗೆ ಅದರ ಅಂದಾಜು ಇತ್ತು. ಪಾರಣೆಗೆ ಯಾರೂ ಹೋಳಿಗೆ ಬಡಿಸುವುದಿಲ್ಲ. ಆಯುರ್ವೇದದವರು ಪಂಚಕರ್ಮ ಆದಮೇಲೆ ಸಂಸರ್ಜನ ಕ್ರಮ ಅಂತ ಮಾಡುತ್ತಾರೆ. ಮೊದಲು ತೆಳ್ಳಗಿನ ಪೇಯ, ಆಮೇಲೆ ಮಂದ ಗಂಜಿ, ಮತ್ತೆ ಬೇಳೆಯ ಕಟ್ಟು. ಮೆಟ್ಟಿಲು ಮೆಟ್ಟಿಲಾಗಿ. ನನಗೆ ಗೊತ್ತಿದ್ದರೂ ನಿನ್ನನ್ನು ನೋಡಿದಾಗ ಮರೆತು ಹೋಯಿತು, ತುಪ್ಪ ಹಿಡಿದುಕೊಂಡು ಓಡಿದೆ.

ಮಗಳು: ಎರಡನೇ ವಾರಕ್ಕೆ ಕಾಲು ಬಾತುಕೊಂಡಿತು. ಚಪ್ಪಲಿಯ ಬಾರು ಹಾಕಲು ಆಗುತ್ತಿರಲಿಲ್ಲ. ಮುಖ ಬೆಳಿಗ್ಗೆ ಎದ್ದರೆ ಉಬ್ಬಿದ ಗುಳಿಯಪ್ಪ. ಅವತ್ತು ನಾನು ಊಟದ ತಟ್ಟೆ ದೂಡಿದ್ದೆ. ಹೆದರಿದ್ದೆಲ್ಲ ನಿಜವಾಯಿತು, ಎರಡೇ ವಾರಕ್ಕೆ ಹೀಗಾದರೆ ಮುಂದೆ ಏನು ಅಂತ.

ದೊಡ್ಡಮ್ಮ: ನಾನು ಬಂದು ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ. ಗುಳಿ ಬಿತ್ತು, ತುಂಬಲು ಹೊತ್ತು ತೆಗೆದುಕೊಂಡಿತು. ಬಸುರಿಯರ ಕಾಲಿನಲ್ಲಿ ಸಾವಿರ ಸಲ ನೋಡಿದ್ದು. 'ಇದು ಮಾಂಸ ಅಲ್ಲ ಮಗಾ, ನೀರು' ಅಂದೆ. ನೀನು ನಂಬಲಿಲ್ಲ.

ಮಗಳು: ನಂಬಲಿಲ್ಲ. ಆದರೆ ಆ ಗುಳಿ ಕಣ್ಣಿಗೆ ಕಂಡಿತಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸಿತು. ಕೊಬ್ಬು ಆದರೆ ಗುಳಿ ಬೀಳುವುದಿಲ್ಲ. ಬರಗಾಲ ಕಂಡ ಮೈ ಉಪ್ಪು, ನೀರು ಯಾವುದನ್ನೂ ಬಿಟ್ಟುಕೊಡುವುದಿಲ್ಲ. ವಾಂತಿ ಮಾಡುವುದನ್ನೋ ಭೇದಿ ಮಾತ್ರೆಯನ್ನೋ ನಿಲ್ಲಿಸಿದವರಿಗೆ ಈ ಬಾವು ಇನ್ನೂ ಜಾಸ್ತಿ. ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಹೆದರಿಕೊಂಡು ನೀರು ಇಳಿಸುವ ಮಾತ್ರೆ ನುಂಗಿದವರು ಮತ್ತೆ ಮೊದಲಿನಿಂದ ಶುರುಮಾಡಬೇಕು. ನನ್ನನ್ನು ತೂಕದ ಮಿಷನಿನ ಮೇಲೆ ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ಇವತ್ತಿಗೂ ನನ್ನ ಕಿಲೋ ಎಷ್ಟು ಅಂತ ನಾನು ನೋಡುವುದಿಲ್ಲ, ಹೇಳುವುದೂ ಇಲ್ಲ.

ಬೆಳ್ತಂಗಡಿ

(ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯ ಒಂದು ಮನೆ. ಬೆಲ್ಲ ನೀರು ಕೊಟ್ಟರು. ಹಪ್ಪಳ ಒಣಗಿಸಿದ ಅಂಗಳ, ಒಳಗಿನಿಂದ ಹಲಸಿನ ಹಣ್ಣಿನ ಗಟ್ಟಿಯ ಪರಿಮಳ. ಹುಡುಗಿ ಎರಡು ತಿಂದಳು. ಈಗ ಮತ್ತೆ ಕಾರಿನಲ್ಲಿ.)

ದೊಡ್ಡಮ್ಮ: ಎರಡು ಗಟ್ಟಿ ತಿಂದೆ. ನಾನು ಲೆಕ್ಕ ಮಾಡಿದ್ದಲ್ಲ, ಕಣ್ಣಿಗೆ ಬಿತ್ತು.

ಮಗಳು: ಲೆಕ್ಕ ಮಾಡಿದ್ದೇ ಹೌದು! ಪರವಾಗಿಲ್ಲ. ಮೊದಲ ತಿಂಗಳಲ್ಲಿ ಆದರೆ ಒಂದು ಗಟ್ಟಿಗೆ ಹೊಟ್ಟೆ ಡೋಲು ಆಗುತ್ತಿತ್ತು. ನಾಲ್ಕು ತುತ್ತು ಅನ್ನಕ್ಕೆ ಎಂಟು ಗಂಟೆ ಹೊಟ್ಟೆ ಭಾರ, ಮಲಬದ್ಧತೆ, ಹುಳಿತೇಗು. ಕೆಲಸವಿಲ್ಲದೆ ಕೂತ ಹೊಟ್ಟೆಗೆ ಅರೆಯುವುದೇ ಮರೆತು ಹೋಗಿರುತ್ತದೆ. ಆಗ 'ನೋಡಿ, ನನಗೆ ನಿಜವಾಗಿಯೂ ಗ್ಯಾಸ್ಟ್ರಿಕ್, ನನ್ನದು ಮಾನಸಿಕ ಅಲ್ಲ' ಅಂತ ಜಗಳ ಮಾಡಿದ್ದೆ.

ದೊಡ್ಡಮ್ಮ: ನಿಜವಾಗಿಯೇ ನೋಯುತ್ತಿತ್ತಲ್ಲ, ಅದು ಸುಳ್ಳಲ್ಲ.

ಮಗಳು: ನೋವು ನಿಜ, ಮದ್ದು ಮಾತ್ರ ತಿರುಗಾಮುರುಗ. ತಿಂದರೆ ನೋಯುತ್ತದೆ ಅಂತ ತಿನ್ನದಿದ್ದರೆ ಹೊಟ್ಟೆ ಇನ್ನೂ ಮಂದ ಆಗುತ್ತದೆ. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿಂದರೇ ಅದು ಕೆಲಸ ಕಲಿಯುವುದು. ಎರಡು ಮೂರು ತಿಂಗಳಲ್ಲಿ ಸರಿಯಾಯಿತು. ಆಮೇಲೆ ಬಂತು ನೋಡಿ, ಹಸಿವೆ.

ದೊಡ್ಡಮ್ಮ: ಮೂಡುಬಿದಿರೆಯ ಅಜ್ಜಿ ಮನೆಯಲ್ಲಿ ಇದ್ದಾಗ?

ಮಗಳು: ಹೂಂ. ಊಟ ಮಾಡಿ ಕೈ ತೊಳೆಯುವಾಗಲೇ ಮತ್ತೆ ಹಸಿವೆ. ರಾತ್ರಿ ಎರಡು ಗಂಟೆಗೆ ಎಚ್ಚರ. ಹೊಟ್ಟೆಯಲ್ಲಿ ಇಲಿ ಓಡಿದ ಹಾಗಲ್ಲ, ಇಡೀ ಮೈ ಕಿರುಚಿದ ಹಾಗೆ. ಅವರ ಮನೆಯಲ್ಲಿ ಹೊತ್ತು ಕಂತಿದ ಮೇಲೆ ಯಾರೂ ಊಟ ಮಾಡುವುದಿಲ್ಲ. ನಾನು ಕತ್ತಲೆಯಲ್ಲಿ ಕಳ್ಳಿಯ ಹಾಗೆ ಅಡುಗೆಮನೆಗೆ ಹೋಗಿ ಅವಲಕ್ಕಿ ಡಬ್ಬಿಗೆ ಕೈ ಹಾಕಿದ್ದೆ. ಅಜ್ಜಿ ಲೈಟು ಹಾಕಿದರು. ನನಗೆ ಜೀವ ಹೋದ ಹಾಗಾಯಿತು. ಅವರು ಏನೂ ಕೇಳದೆ ಒಲೆ ಹಚ್ಚಿ ಹಾಲು ಬಿಸಿ ಮಾಡಿ, ಬೆಲ್ಲ ಹಾಕಿ, ಅವಲಕ್ಕಿ ಕಲಸಿ ಕೊಟ್ಟರು. 'ನಿನಗೆ ಇದು ಊಟ ಅಲ್ಲ, ಮದ್ದು. ಮದ್ದಿಗೆ ಹೊತ್ತಿಲ್ಲ' ಅಂದರು. ಮಾರನೆಯ ದಿನದಿಂದ ರಾತ್ರಿ ಒಂದು ತಟ್ಟೆ ಮುಚ್ಚಿಟ್ಟೇ ಮಲಗುತ್ತಿದ್ದರು.

ದೊಡ್ಡಮ್ಮ: ಅಮ್ಮ ನನಗೆ ಇದನ್ನು ಹೇಳಲೇ ಇಲ್ಲ. ಇಡೀ ಜೀವಮಾನ ರಾತ್ರಿ ನೀರಿಗೂ ಯೋಚಿಸಿದ ಹೆಂಗಸು.

ಮಗಳು: ನಾನು ಆಗ ಹುಚ್ಚು ಹಿಡಿಯಿತು ಅಂದುಕೊಂಡಿದ್ದೆ. ಡಾಕ್ಟ್ರು ಅಮೆರಿಕದ ಒಂದು ಪ್ರಯೋಗದ ಕತೆ ಹೇಳಿದರು. 1944ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಶುರುಮಾಡಿದ್ದು. ಯುದ್ಧಕ್ಕೆ ಹೋಗಲಾರೆವು, ಬೇರೆ ಸೇವೆ ಮಾಡುತ್ತೇವೆ ಅಂದ 36 ಮಂದಿ ಗಟ್ಟಿಮುಟ್ಟಾದ ಹುಡುಗರು ತಾವಾಗಿ ಬಂದರು. 24 ವಾರ ಅವರಿಗೆ ಅರೆಹೊಟ್ಟೆ. ಮೈತೂಕದ ಕಾಲುಭಾಗ ಇಳಿಯಿತು. ಬೇಸಗೆಯಲ್ಲೂ ಚಳಿ, ನಾಡಿ ನಿಧಾನ, ಕಾಲು ಬಾವು. ಇಡೀ ದಿನ ಊಟದ್ದೇ ಮಾತು, ಅಡುಗೆ ಪುಸ್ತಕ ಒಟ್ಟುಮಾಡುವುದು, ತಟ್ಟೆ ನೆಕ್ಕುವುದು. ಅವರಲ್ಲಿ ಯಾರಿಗೂ ಸಪೂರ ಆಗುವ ಆಸೆ ಇರಲಿಲ್ಲ, ಯಾರ ಕೈಯಲ್ಲೂ ಮೊಬೈಲು ಇರಲಿಲ್ಲ. ನನ್ನ ಸ್ವಭಾವ ಅಂತ ತಿಳಿದದ್ದರಲ್ಲಿ ಅರ್ಧ ಬರೀ ಹಸಿವೆಯ ಲಕ್ಷಣ! ಮತ್ತೆ ಊಟ ಕೊಡಲು ಶುರುಮಾಡಿದ ಮೇಲೂ ತಿಂಗಳುಗಟ್ಟಲೆ ಎಷ್ಟು ತಿಂದರೂ ಸಾಲುತ್ತಿರಲಿಲ್ಲ ಅವರಿಗೆ. 1950ರಲ್ಲಿ ಎರಡು ದಪ್ಪ ಸಂಪುಟವಾಗಿ ಅದೆಲ್ಲ ಅಚ್ಚಾಯಿತು.

ದೊಡ್ಡಮ್ಮ: ಅಮೆರಿಕಕ್ಕೆ ಯಾಕೆ ಹೋಗಬೇಕು? ಅಮ್ಮನನ್ನು ಕೇಳು, ಆಟಿ ತಿಂಗಳ ಕತೆ ಹೇಳುತ್ತಾರೆ. ಹೊರಗೆ ಬಿಡದ ಮಳೆ, ಒಳಗೆ ಬೈಹುಲ್ಲಿನ ಮುಡಿಯಲ್ಲಿ ಕಟ್ಟಿಟ್ಟ ಅಕ್ಕಿ ತಳ ಕಂಡಿರುತ್ತಿತ್ತು. ತಜಂಕು, ಕಣಿಲೆ, ಕೆಸುವಿನ ಎಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಅದರಲ್ಲೇ ದಿನ ದೂಡಬೇಕಿತ್ತು. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿದು ಮೇಲಿಂದ ಮೆಂತೆ ಗಂಜಿ. ನಿಮಗೆ ಈಗ ಅದು ಆಟಿ ಉತ್ಸವ, ಅವರಿಗೆ ಅದು ಹಸಿವೆ. ಅದಕ್ಕೇ ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು. ಮನೆ ತುಂಬ ಅಕ್ಕಿ ಇದ್ದು ಉಪವಾಸ ಬೀಳುವುದಾ ಅಂತ.

ಮಗಳು: ಮೈಗೆ ಕಾರಣ ಗೊತ್ತಾಗುವುದಿಲ್ಲ ದೊಡ್ಡಮ್ಮ. ಅಕ್ಕಿ ಮುಗಿದದ್ದಾ, ಹುಡುಗಿ ಮೊಂಡು ಹಿಡಿದದ್ದಾ, ತಲೆಯಲ್ಲಿ ಕಾಯಿಲೆ ಕೂತದ್ದಾ ಅಂತ ಅದು ವಿಚಾರಣೆ ಮಾಡುವುದಿಲ್ಲ. ಅನ್ನ ಬರಲಿಲ್ಲವಾ, ಆಟಿ ಬಂತು, ಅಷ್ಟೆ. ದೀಪ ಒಂದೊಂದೇ ಆರಿಸುತ್ತಾ ಬರುತ್ತದೆ. ಮೊದಲು ಮುಟ್ಟು, ಆಮೇಲೆ ಕೂದಲು, ಕೈಕಾಲಿನ ಬಿಸಿ, ಕೊನೆಗೆ ನಾಡಿ.

ದೊಡ್ಡಮ್ಮ: ಮತ್ತೆ ಅನ್ನ ಬಂದಾಗ?

ಮಗಳು: ಒಂದು ಕೊಯ್ಲು ನೋಡಿ ನಂಬುವುದಿಲ್ಲ. ಹಳೆಯ ಕಾಲದ ಯಜಮಾನರು ಹೊಸ ಅಕ್ಕಿ ಬಂದ ಕೂಡಲೇ ಮೊದಲು ಮುಡಿ ಕಟ್ಟಿ ಇಡುತ್ತಿದ್ದರಲ್ಲ, ಹಾಗೆ. ಮೈ ಮುಡಿ ಕಟ್ಟುವುದು ಹೊಟ್ಟೆಯ ಸುತ್ತ. ನನ್ನ ಕೈಕಾಲು ಇನ್ನೂ ಕಡ್ಡಿ, ಕೆನ್ನೆ ಗುಳಿ, ಹೊಟ್ಟೆ ಮಾತ್ರ ಮುಂದೆ. ಕನ್ನಡಿಯಲ್ಲಿ ಮಕ್ಕಳು ಬಿಡಿಸಿದ ಚಿತ್ರದ ಹಾಗೆ ಕಾಣುತ್ತಿದ್ದೆ. ಯಾವ ಭಾಗಕ್ಕೆ ಹೆದರಿ ಊಟ ಬಿಟ್ಟಿದ್ದೆನೋ ಅದೇ ಭಾಗ ಮೊದಲು ಬರುತ್ತದೆ. ಇದರಷ್ಟು ಕ್ರೂರ ತಮಾಷೆ ಇನ್ನೊಂದಿಲ್ಲ. ಎಷ್ಟೋ ಮಂದಿ ಇಲ್ಲಿಯೇ ತಿರುಗಿ ಓಡಿಹೋಗುವುದು.

ದೊಡ್ಡಮ್ಮ: ನಿನಗೂ ಓಡಬೇಕು ಅನಿಸಿತ್ತಾ?

ಮಗಳು: ದಿನಕ್ಕೆ ಹತ್ತು ಸಲ. 'ಒಂದು ವರ್ಷ ತಾಳಿಕೋ, ಆಟಿ ಮತ್ತೆ ಬರುವುದಿಲ್ಲ ಅಂತ ಮೈಗೆ ಖಾತ್ರಿಯಾಗಲಿ, ಅದೇ ಹಂಚಿಕೊಳ್ಳುತ್ತದೆ' ಅಂದರು ಡಾಕ್ಟ್ರು. ಹಾಗೆಯೇ ಆಯಿತು. ತೊಡೆ, ತೋಳು, ಕೆನ್ನೆ, ಕೂತರೆ ಚುಚ್ಚುತ್ತಿದ್ದ ಎಲುಬಿನ ಮೇಲೆ, ಎಲ್ಲ ಕಡೆ. ಬಟ್ಟೆಯ ಅಳತೆ ಮಾತ್ರ ಮೂರು ಸಲ ಬದಲಾಯಿತು. ಕಾಯಿಲೆಯ ಕಾಲದ ಒಂದು ಚೂಡಿದಾರ ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟಿದ್ದೆ, ಪದಕದ ಹಾಗೆ. ಈಗ ಅದು ಈ ಕಾರಿನ ಗಾಜು ಒರೆಸುವ ಬಟ್ಟೆ.

ದೊಡ್ಡಮ್ಮ: ಇದೇನಾ? ನಾನು ಮೂಗು ಒರೆಸಿದೆ ಮಾರಾಯ್ತಿ!

ಮಗಳು: ಅದರ ಯೋಗ್ಯತೆಗೆ ಸರಿಯಾಯಿತು. ಇನ್ನೊಂದು ಹೇಳುತ್ತೇನೆ. ಮೈ ತುಂಬಿಕೊಳ್ಳುತ್ತಿದ್ದ ಆ ದಿನಗಳಲ್ಲಿ ರಾತ್ರಿ ಬೆವರಿ ಹಾಸಿಗೆ ಒದ್ದೆ ಆಗುತ್ತಿತ್ತು. ಸ್ವೆಟರ್ ಹಾಕುತ್ತಿದ್ದವಳು ಫ್ಯಾನಿನ ಕೆಳಗೆ ಮಲಗುತ್ತಿದ್ದೆ. ಆರಿದ ಒಲೆ ಹತ್ತಿಕೊಂಡದ್ದು ಅದು. ರಿಪೇರಿ ಕೆಲಸಕ್ಕೆ ಅಷ್ಟು ಸೌದೆ ಬೇಕು. ಅದಕ್ಕೇ ಬೇರೆಯವರಿಗಿಂತ ಜಾಸ್ತಿ ತಿಂದರೂ ತೂಕ ನಿಂತಲ್ಲೇ ನಿಲ್ಲುತ್ತಿತ್ತು.

ದೊಡ್ಡಮ್ಮ: ಧರ್ಮಸ್ಥಳಕ್ಕೆ ಹೋದದ್ದು ಆಗಲೇ ಅಲ್ಲವಾ, ನಿನ್ನ ಅಮ್ಮನ ಹರಕೆ ಅಂತ?

ಮಗಳು: ಹೌದು. ನನಗೆ ಆವರೆಗೆ ಜನರ ಎದುರು ಊಟ ಮಾಡಲು ಆಗುತ್ತಿರಲಿಲ್ಲ. ಅನ್ನಪೂರ್ಣ ಛತ್ರದಲ್ಲಿ ಸಾವಿರಾರು ಮಂದಿಯ ನಡುವೆ ಸಾಲಿನಲ್ಲಿ ಕೂತೆ. ಎಡಗಡೆಯವರು ಯಾರೋ, ಬಲಗಡೆಯವರು ಯಾರೋ. ನನ್ನ ಎಲೆಯಲ್ಲಿ ಎಷ್ಟು ಉಂಟು, ಎಷ್ಟು ಬಿಟ್ಟೆ ಅಂತ ಯಾರೂ ನೋಡಲಿಲ್ಲ. ಬಡಿಸುವವರಿಗೂ ಪುರುಸೊತ್ತಿಲ್ಲ. ಅಮ್ಮ ಮಾತ್ರ ಕಣ್ಣಂಚಿನಲ್ಲಿ ನೋಡುತ್ತಿದ್ದರು. ಸಾರು, ಅನ್ನ, ಪಾಯಸ ಮುಗಿಸಿ ಏಳುವಾಗ, ಮೂರು ವರ್ಷದ ಮೇಲೆ ಮೊದಲ ಸಲ ಲೆಕ್ಕ ಹಾಕದೆ ಉಂಡಿದ್ದೇನೆ ಅಂತ ಹೊಳೆಯಿತು.

ಮೂಡುಬಿದಿರೆ

(ಗುರುವಾಯನಕೆರೆಯಿಂದ ವೇಣೂರಿನ ದಾರಿ. ಬಾಹುಬಲಿಯ ಎದುರು ಐದು ನಿಮಿಷ ಕಾರು ನಿಲ್ಲಿಸಿ, ಕೈಮುಗಿದು ಮುಂದೆ ಹೊರಟಿದ್ದಾರೆ.)

ದೊಡ್ಡಮ್ಮ: ಅಷ್ಟು ಹೊತ್ತು ಏನು ನೋಡುತ್ತಿದ್ದೆ?

ಮಗಳು: ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ್ದು, 35 ಅಡಿ ಅಂತ ಶಾಲೆಯಲ್ಲಿ ಉರುಹೊಡೆದದ್ದು ಮಾತ್ರ ಗೊತ್ತಿತ್ತು. ಇವತ್ತು ಬೇರೆ ಒಂದು ಕಂಡಿತು. ಬಾಹುಬಲಿ ಒಂದು ವರ್ಷ ಅನ್ನ ನೀರು ಇಲ್ಲದೆ ನಿಂತ, ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು ಅನ್ನುತ್ತಾರೆ. ಶಿಲ್ಪಿ ಬಳ್ಳಿ ಕೆತ್ತಿದ. ಪಕ್ಕೆಲುಬು ಕೆತ್ತಲಿಲ್ಲ. ತುಂಬಿದ ಭುಜ, ತುಂಬಿದ ತೊಡೆ. ವೈರಾಗ್ಯವನ್ನು ತೋರಿಸಲಿಕ್ಕೆ ಅವನಿಗೆ ಎಲುಬು ಬೇಕಾಗಲಿಲ್ಲ. ನಾನು ಮೂರು ವರ್ಷ ಕನ್ನಡಿಯಲ್ಲಿ ಎಲುಬನ್ನೇ ಎಣಿಸುತ್ತಿದ್ದೆ.

ದೊಡ್ಡಮ್ಮ: ಕೂದಲು ಉದುರಿದ್ದು ಮಾತ್ರ ನನಗೆ ಅರ್ಥವಾಗಲಿಲ್ಲ. ಚೆನ್ನಾಗಿ ತಿನ್ನಲು ಶುರುಮಾಡಿ ಮೂರು ತಿಂಗಳಾದ ಮೇಲೆ ಹಿಡಿ ಹಿಡಿಯಾಗಿ ಬಂತಲ್ಲ?

ಮಗಳು: ಅದು ಹಳೆಯ ಸಾಲದ ಬಡ್ಡಿ. ಹಸಿವೆಯ ಕಾಲದಲ್ಲೇ ಕೂದಲಿನ ಬೇರುಗಳು ಕೆಲಸ ನಿಲ್ಲಿಸಿ ಮಲಗಿರುತ್ತವೆ. ಬೇರು ಬಿಟ್ಟ ಕೂದಲು ಉದುರುವುದು ಎರಡು ಮೂರು ತಿಂಗಳು ತಡೆದು. ಆಗ ನಾವು ತಿನ್ನುತ್ತಿರುತ್ತೇವೆ, ಹಾಗಾಗಿ ಅಪವಾದ ಊಟಕ್ಕೆ ಬರುತ್ತದೆ. ಕೆನ್ನೆ, ಬೆನ್ನು, ತೋಳಿನ ಮೇಲೆ ಎಳೆಮಗುವಿನ ಹಾಗೆ ನವಿರು ರೋಮ ಬಂದಿತ್ತಲ್ಲ, ಚಳಿ ತಡೆಯಲು ಮೈ ಹೊದ್ದುಕೊಂಡ ಕಂಬಳಿ ಅದು. ಅದೂ ಉದುರಿಹೋಯಿತು. ಆಮೇಲೆ ಹಣೆಯ ಅಂಚಿನಲ್ಲಿ ಹುಲ್ಲು ಚಿಗುರಿದ ಹಾಗೆ ಮೋಟು ಕೂದಲು ಎದ್ದು ನಿಂತಿತು. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಎಣ್ಣೆ ಹಾಕಿದರೂ ಮಲಗುತ್ತಿರಲಿಲ್ಲ.

ದೊಡ್ಡಮ್ಮ: ಮುಟ್ಟು?

ಮಗಳು: ಅಮ್ಮ ಅದನ್ನು ಪಿಸುಮಾತಿನಲ್ಲಿ ಕೇಳುತ್ತಿದ್ದರು. ನೀವು ನರ್ಸು ಅಂತ ಗಟ್ಟಿಯಾಗಿ ಕೇಳಿದಿರಿ, ಒಳ್ಳೆಯದು. ಆಸ್ಪತ್ರೆಗೆ ಸೇರುವ ಮೊದಲು ಒಂದು ಕಡೆ ಮುಟ್ಟು ಬರಿಸುವ ಮಾತ್ರೆ ಕೊಟ್ಟಿದ್ದರು. ಮಾತ್ರೆ ನಿಲ್ಲಿಸಿದರೆ ರಕ್ತ ಹೋಗುತ್ತಿತ್ತು. ಮುಟ್ಟು ಬಂತು, ಎಲ್ಲ ಸರಿಯಾಯಿತು ಅಂತ ಮನೆಯವರು ಸಮಾಧಾನಪಟ್ಟರು.

ದೊಡ್ಡಮ್ಮ: ಅದು ಮಾತ್ರೆಯ ಮುಟ್ಟು. ಅಂಡಾಶಯದ್ದಲ್ಲ. ಎಲುಬಿಗೆ ಅದರಿಂದ ಏನೂ ಸಿಗುವುದಿಲ್ಲ.

ಮಗಳು: ನಿಜವಾದದ್ದು ಬಂದದ್ದು ತೂಕ ಸರಿಯಾಗಿ ನಿಂತು ಎಂಟು ತಿಂಗಳ ಮೇಲೆ. ಹೊಟ್ಟೆನೋವು, ಸಿಟ್ಟು, ಎಲ್ಲ ಸಾಮಾನು ಸಮೇತ. ಬಚ್ಚಲಲ್ಲಿ ಕೂತು ಅತ್ತೆ. ಸಂತೋಷಕ್ಕೆ ಅಂತ ಹೇಳಿದರೆ ಚಂದ, ಆದರೆ ನಿಜ ಅಲ್ಲ. ಕಾಯಿಲೆ ಇನ್ನು ನೆಪ ಹೇಳುವ ಹಾಗಿಲ್ಲ, ಮುಗಿಯಿತು ಅಂತ ಅನಿಸಿತು. ಮೂರು ವರ್ಷ ಜೊತೆಗಿದ್ದ ಹಾಳು ಸ್ನೇಹಿತೆ ಬಸ್ಸು ಹತ್ತಿದ ಹಾಗೆ.

ದೊಡ್ಡಮ್ಮ: ಎಲುಬಿನ ಸ್ಕ್ಯಾನ್ ರಿಪೋರ್ಟು ನಾನು ನೋಡಿದ್ದೇನೆ. ನಿನ್ನ ಅಮ್ಮನಿಗೆ ಪೂರ್ತಿ ಓದಿ ಹೇಳಲಿಲ್ಲ.

ಮಗಳು: ನನಗೆ ಗೊತ್ತುಂಟು. ಎಲುಬು ಗಟ್ಟಿಯಾಗುವ ವಯಸ್ಸಿನಲ್ಲೇ ನಾನು ಅದನ್ನು ಹಸಿವೆಗೆ ಹಾಕಿದೆ. ಸ್ವಲ್ಪ ಬರುತ್ತದೆ, ಪೂರ್ತಿ ಬರುತ್ತದೆ ಅಂತ ಯಾರೂ ಮಾತು ಕೊಡಲಿಲ್ಲ. ವಾರ್ಡಿನಲ್ಲಿ ಒಬ್ಬಳು ವಾಂತಿ ಮಾಡುವ ಕಾಯಿಲೆಯವಳಿದ್ದಳು. ನಿಲ್ಲಿಸಿದ ಮೊದಲ ವಾರ ಅವಳ ಕೆನ್ನೆ ಎರಡೂ ಬದಿ ಮಂಗನಬಾವು ಬಂದ ಹಾಗೆ ಊದಿತು. ಜೊಲ್ಲಿನ ಗ್ರಂಥಿಯದ್ದು, ಅದು ಇಳಿಯಿತು. ಹಲ್ಲಿನ ಮೇಲಿನ ಎನಾಮಲ್ ಮಾತ್ರ ಹೋದದ್ದು ಹೋಯಿತು, ಅದು ಮತ್ತೆ ಬೆಳೆಯುವುದಿಲ್ಲ. ಗುಣ ಆಗುವುದು ಅಂದರೆ ಹಳೆಯ ಮೈ ವಾಪಸು ಸಿಗುವುದಲ್ಲ ದೊಡ್ಡಮ್ಮ. ಸಿಗುವುದು ಬೇರೆ ಮೈ.

(ಮೂಡುಬಿದಿರೆ. ಸಾವಿರ ಕಂಬದ ಬಸದಿಯ ಜಗಲಿಯ ನೆರಳು. 1430ರಲ್ಲಿ ಕಟ್ಟಿದ ಕಲ್ಲು, ಮಧ್ಯಾಹ್ನದಲ್ಲೂ ತಂಪು. ದೊಡ್ಡಮ್ಮ ಕಂಬಕ್ಕೆ ಒರಗಿ ಕೂತಿದ್ದಾರೆ.)

ದೊಡ್ಡಮ್ಮ: ಇಲ್ಲಿಯ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅನ್ನುತ್ತಾರೆ. ಹಾಗೆಯೇ ಒಬ್ಬೊಬ್ಬರ ಮೈ...

ಮಗಳು: ಕೌನ್ಸೆಲರ್ ಕೂಡ ಇದನ್ನೇ ಹೇಳಿದ್ದರು. ನಾನು ಮೂಡುಬಿದಿರೆಯವಳು ಅಂತ ಗೊತ್ತಾದ ಎಲ್ಲರೂ ಇದನ್ನೇ ಹೇಳುತ್ತಾರೆ.

ದೊಡ್ಡಮ್ಮ: ಹಾಗಾದರೆ ಬಿಡು. ಕೈ ಕೊಡು ಇಲ್ಲಿ.

ಮಗಳು: ಯಾಕೆ?

ದೊಡ್ಡಮ್ಮ: ಸುಮ್ಮನಿರು. ಎಣಿಸುತ್ತಿದ್ದೇನೆ... ಅರವತ್ತೆಂಟು. ಒಂದು ನಿಮಿಷ ಪೂರ್ತಿ ಎಣಿಸಿದೆ. ಆಸ್ಪತ್ರೆಯಲ್ಲಿ ಮೊದಲ ರಾತ್ರಿ ನೀನು ಮಲಗಿದ್ದಾಗ ಇದೇ ಕೈ ಹಿಡಿದು ಎಣಿಸಿದ್ದೆ. ನಲವತ್ತೆರಡು. ನಡುವೆ ನಡುವೆ ನಿಂತ ಹಾಗೆ. ಬೆಳಗಿನವರೆಗೆ ಬಿಡಲು ಧೈರ್ಯ ಬರಲಿಲ್ಲ. ಐಸಿನ ಹಾಗೆ ಇತ್ತು ಕೈ. ಈಗ ಬೆಚ್ಚಗುಂಟು.

ಮಗಳು: ನೀವು ಇಡೀ ರಾತ್ರಿ ಕೂತಿದ್ದಿರಾ? ನನಗೆ ಯಾರೂ ಹೇಳಲಿಲ್ಲ.

ದೊಡ್ಡಮ್ಮ: ಹೇಳುವಂಥದ್ದೇನು. ಒಂದು ಕೇಳುತ್ತೇನೆ, ತಲೆಯೊಳಗಿನದು ಹೋಯಿತಾ?

ಮಗಳು: ಅದು ಎಲ್ಲಕ್ಕಿಂತ ಕೊನೆಗೆ. ಹಸಿವೆಯಲ್ಲಿ ಮಿದುಳೂ ಕುಗ್ಗಿರುತ್ತದೆ, ಊಟ ಸಿಕ್ಕಿದ ಮೇಲೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಅಕ್ಷರ ಕಣ್ಣಿಗೆ ಕಂಡರೂ ಒಳಗೆ ಹೋಗುತ್ತಿರಲಿಲ್ಲ, ಈಗ ಪುಸ್ತಕ ಓದುತ್ತೇನೆ. ಆದರೆ ಮೈ ಗುಣವಾದದ್ದನ್ನು ಜನ ನೋಡಿ 'ಎಲ್ಲ ಸರಿಯಾಯಿತು' ಅನ್ನುವ ಹೊತ್ತಿಗೆ ತಲೆ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಆಗಲೇ ಮತ್ತೆ ಜಾರುವುದು. ಬೆಳಿಗ್ಗೆ ಬಂಟ್ವಾಳದಲ್ಲಿ ಆದ ಹಾಗೆ, ಒಂದು ಶಬ್ದ ಸಾಕು. ನನಗೆ ಈಗಲೂ ತಿಂಗಳಿಗೊಮ್ಮೆ ಡಾಕ್ಟ್ರ ಭೇಟಿ ಉಂಟು. ಯಾರೂ ಸಿಗದ ಹೊತ್ತಿಗೆ 14416ಕ್ಕೆ ಫೋನು ಮಾಡಿದ್ದೂ ಉಂಟು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ದೊಡ್ಡಮ್ಮ: ಹಾಗಾದರೆ ಮದುವೆಮನೆಯಲ್ಲಿ ನೂರು ಮಂದಿ ನೂರು ಹೇಳುತ್ತಾರಲ್ಲ. ನಾನು ಅವರಿಗೆ ಏನು ಹೇಳಲಿ?

ಮಗಳು: ಪಾಠ ಮಾಡಬೇಡಿ. ಮಾತು ಬೇರೆ ಕಡೆ ತಿರುಗಿಸಿ. ಊಟ ಆಯಿತಾ ಅಂತ ಕೇಳಿದರೆ ಬೇಜಾರಿಲ್ಲ, ಎಷ್ಟು ಊಟ ಮಾಡಿದೆ ಅಂತ ಕೇಳದಿದ್ದರೆ ಸಾಕು. 'ತೋರ ಆಗಿದ್ದೀ'ಯೂ ಬೇಡ, 'ಈಗ ಚಂದ ಆಗಿದ್ದೀ'ಯೂ ಬೇಡ. ಹೇಳಲೇಬೇಕು ಅನಿಸಿದರೆ ಮೈಯನ್ನು ಬಿಟ್ಟು ಬೇರೆ ಏನಾದರೂ ಹೇಳಲಿ.

(ಸಂಜೆ. ಅಜ್ಜಿಯ ಮನೆಯಿಂದ ಹೊರಟಿದ್ದಾರೆ. ಹುಡುಗಿಯ ತಲೆಯಲ್ಲಿ ಒಂದು ಚೆಂಡು ಮಲ್ಲಿಗೆ.)

ದೊಡ್ಡಮ್ಮ: ಅಮ್ಮ ಹೂ ಮುಡಿಸುವಾಗ ನಿನ್ನ ಕಿವಿಯಲ್ಲಿ ಏನು ಹೇಳಿದ್ದು?

ಮಗಳು: ಹೋದ ವರ್ಷ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವರೇ ಮುಡಿಸಿದ್ದರು. ಕ್ಲಿಪ್ಪು ನಿಲ್ಲದೆ ಹೂ ನಾಲ್ಕು ಸಲ ಕೆಳಗೆ ಬಿತ್ತು. ಇವತ್ತು 'ಈಗ ಕ್ಲಿಪ್ಪು ನಿಲ್ಲುತ್ತದೆ' ಅಂದರು. ಅಷ್ಟೆ.

ದೊಡ್ಡಮ್ಮ: ಅಷ್ಟೇನಾ?

ಮಗಳು: ಅಷ್ಟೆ. ಇರಿ, ಫೋನು ಬಂತು... ಹೌದಕ್ಕ, ಅಳತೆ ರವಿಕೆ ಬೇಡ, ಹಳೆಯದು ಯಾವುದೂ ಆಗುವುದಿಲ್ಲ, ನಾಳೆ ನಾನೇ ಬಂದು ಅಳತೆ ಕೊಡುತ್ತೇನೆ. ಒಳಗೆ ಬಟ್ಟೆ ಬಿಡಬೇಕು ಹೌದು... ಸರಿ.

ದೊಡ್ಡಮ್ಮ: ಟೈಲರಾ? ಎಷ್ಟು ಬಿಡಲು ಹೇಳಿದೆ?

ಮಗಳು: ಎರಡು ಇಂಚು. ಬಿಚ್ಚಬೇಕಾದರೆ ಬಿಚ್ಚುವುದು, ಹಿಡಿಯಬೇಕಾದರೆ ಹಿಡಿಯುವುದು.